ಕಾಸರಗೋಡಿನಲ್ಲಿ ಹೊಸ ಕಾರು ತೆಗೆದು ಮಂಗಳೂರಿನಲ್ಲಿ ರಿಜಿಸ್ಟರ್ ಮಾಡಿಸಿದರೆ ಲಾಭ ಉಂಟಾ?

ಬಿಜೈ_ಬೈಲು

ಎಲ್ಲರಿಗೂ ನಮಸ್ಕಾರ. ಮನೆಗೊಂದು ಹೊಸ ಕಾರು ನೋಡುತ್ತಾ ಇದ್ದೇನೆ. ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರಿಸದ ಬೆಲೆ, 12 ಲಕ್ಷ. ಪೆಟ್ರೋಲ್ ಗಾಡಿ. ಕಂಪೆನಿ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಮೈಲೇಜ್ ಜಗಳ ಶುರುವಾಗುತ್ತದೆ.

ಮಂಗಳೂರಿನಲ್ಲಿ ಕೇಳಿದೆ. ನಮಗೆ ಬೇಕಾದ ಬಣ್ಣ ಸ್ಟಾಕ್ ಇಲ್ಲ, ಕಾಯಬೇಕು ಅಂದರು. ಡಿಸ್ಕೌಂಟ್ ಮಾತೆತ್ತಿದರೆ ಫ್ಲೋರ್ ಮ್ಯಾಟ್ ತೋರಿಸುತ್ತಾರೆ. ಕಾಸರಗೋಡಿಗೆ ಫೋನ್ ಮಾಡಿದರೆ ಅದೇ ಗಾಡಿ, ಅದೇ ಬಣ್ಣ ಯಾರ್ಡಿನಲ್ಲಿ ಉಂಟಂತೆ. ಓಣಂ ಆಫರ್ ಅಂತ 55 ಸಾವಿರ ಕಡಿಮೆ. ಮೇಲೆ ಸೀಟ್ ಕವರ್ ಫ್ರೀ.

ನನ್ನ ಪ್ರಶ್ನೆ ಇಷ್ಟೇ. ಟ್ಯಾಕ್ಸ್ ಎಲ್ಲಿ ಕಟ್ಟುವುದು? ಇಲ್ಲಿನ ಆರ್‌ಟಿಒದಲ್ಲಿ ಕಿರಿಕಿರಿ ಆಗುತ್ತದಾ? ಮುಂದೆ ಸರ್ವೀಸಿಗೆ ಇಲ್ಲಿಯವರು ಮುಖ ಗಂಟು ಹಾಕುತ್ತಾರಾ? ಅಪ್ಪ ಮಾತ್ರ "ಊರಲ್ಲೇ ತೆಗಿ, ನಾಳೆ ಎಂತಾದರೂ ಆದರೆ ಹೋಗಿ ಕೇಳಬಹುದು" ಅಂತ ಒಂದೇ ಹಟ.

ಪಡುಬಿದ್ರಿ_ಗಾಳಿ

ಇದರಲ್ಲಿ ಕೇಳುವುದು ಎಂತ ಮಾರಾಯ್ರೆ. ಅಲ್ಲೇ ತೆಗೆದು ಅಲ್ಲೇ ಕೆಎಲ್ 14, ಅಂದರೆ ಕಾಸರಗೋಡಿನ ನಂಬರ್ ಮಾಡಿಸಿ. ನಂತೂರು ಸರ್ಕಲ್‌ನಲ್ಲಿ ನಿಂತು ನೋಡಿ, ಎಷ್ಟು ಕೇರಳ ಗಾಡಿ ಓಡುತ್ತದೆ. ಯಾರು ಹಿಡಿದಿದ್ದಾರೆ?

ಉಪ್ಪಳ_ಕನ್ನಡಿಗ

ಆ ಗಾಡಿಗಳು ನಮ್ಮದು ಸ್ವಾಮಿ. ಮನೆ ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ. ಕೆಲಸ, ಕಾಲೇಜು, ಆಸ್ಪತ್ರೆ ಎಲ್ಲ ಮಂಗಳೂರಿನಲ್ಲಿ. ಬೆಳಿಗ್ಗೆ ತಲಪಾಡಿ ಗಡಿ ದಾಟಿ ಬಂದು ಸಂಜೆ ವಾಪಸ್ ಹೋಗುತ್ತೇವೆ. ನಮ್ಮ ಆಧಾರ್, ರೇಷನ್ ಕಾರ್ಡ್ ಎಲ್ಲ ಕೇರಳದ್ದೇ. ಹಾಗಾಗಿ ಕೆಎಲ್ 14 ನಮಗೆ ಸರಿ.

ಮಂಗಳೂರಿನ ಬಿಜೈಯಲ್ಲಿ ಮನೆ ಇರುವವರಿಗೆ ಸರಿ ಅಲ್ಲ. ಮೋಟಾರು ವಾಹನ ಕಾಯ್ದೆಯ 40ನೇ ಕಲಂ ನೋಡಿ. ಮಾಲೀಕ ಎಲ್ಲಿ ವಾಸ ಇದ್ದಾನೋ ಅಥವಾ ಎಲ್ಲಿ ವ್ಯವಹಾರ ಮಾಡುತ್ತಾನೋ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ, ಆ ರಾಜ್ಯದಲ್ಲೇ ನೋಂದಣಿ. ಭಾವನ ಮನೆ ವಿಳಾಸ ಕೊಟ್ಟು ಮಾಡಿಸುವವರು ಇದ್ದಾರೆ, ಗೊತ್ತು. ಅದು ಸುಳ್ಳು ವಿಳಾಸ ಕೊಟ್ಟ ಹಾಗೆಯೇ.

ಪಡುಬಿದ್ರಿ_ಗಾಳಿ

ಹಾಗೆ ನೋಡಿದರೆ ಟ್ಯಾಕ್ಸ್ ಕಡಿಮೆ ಅಂತ ಹಾಕಿಸಿದ ಪುದುಚೇರಿ ನಂಬರಿನ ದೊಡ್ಡ ದೊಡ್ಡ ಗಾಡಿ ಓಡುತ್ತಾ ಇಲ್ವಾ?

ಉಪ್ಪಳ_ಕನ್ನಡಿಗ

ಓಡುತ್ತಿತ್ತು. 2017ರಲ್ಲಿ ಕೇರಳದಲ್ಲಿ ಅದೇ ವಿಷಯಕ್ಕೆ ಸಿನಿಮಾದವರ ಮೇಲೆಲ್ಲ ಕೇಸ್ ಆಯಿತು. ಬೆಂಗಳೂರಿನಲ್ಲಿ 2025ರಲ್ಲಿ ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ಸಾಲಾಗಿ ಹಿಡಿಯಿತು. ಒಂದು ಫೆರಾರಿಗೆ ಮಾತ್ರ 1.4 ಕೋಟಿ ರೂಪಾಯಿಗಿಂತ ಜಾಸ್ತಿ ಕಟ್ಟಿಸಿಕೊಂಡರು. ನಮ್ಮ 12 ಲಕ್ಷದ ಗಾಡಿಯನ್ನು ಯಾರು ನೋಡುತ್ತಾರೆ ಅನ್ನಬೇಡಿ. ಮಾರುವಾಗ, ವಿಮೆ ಕೇಳುವಾಗ ಆ ವಿಳಾಸವೇ ಎದುರು ಬಂದು ನಿಲ್ಲುತ್ತದೆ.

ಕಡತ_ಅಣ್ಣ

ನಾನು ಉಡುಪಿ ಕಡೆ ಶೋರೂಮ್ ಒಂದರಲ್ಲಿ ರಿಜಿಸ್ಟ್ರೇಷನ್ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ಆ ಕೆಲಸ ಬಿಟ್ಟಿದ್ದೇನೆ, ಹಾಗಾಗಿ ಯಾರ ಪರವೂ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಹೊರರಾಜ್ಯದಲ್ಲಿ ಕಾರು ತೆಗೆದರೆ ರೋಡ್ ಟ್ಯಾಕ್ಸ್ ಉಳಿಯುವುದಿಲ್ಲ. ನೀವು ಇಲ್ಲಿಯವರು, ಗಾಡಿ ಇಲ್ಲಿ ಓಡುತ್ತದೆ, ಟ್ಯಾಕ್ಸ್ ಕರ್ನಾಟಕಕ್ಕೇ. ನಮ್ಮಲ್ಲಿ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%. ಆ ಟ್ಯಾಕ್ಸಿನ ಮೇಲೆ 11% ಸೆಸ್. ನಿಮ್ಮ 12 ಲಕ್ಷಕ್ಕೆ ಲೆಕ್ಕ ಹಾಕಿ. 17% ಅಂದರೆ 2,04,000. ಅದರ 11% ಅಂದರೆ 22,440. ಒಟ್ಟು 2,26,440. ಇದು ಕಾಸರಗೋಡಿನಲ್ಲಿ ತೆಗೆದರೂ ಅಷ್ಟೇ, ಮಂಗಳೂರಿನ ಕಾವೂರಿನಲ್ಲಿ ತೆಗೆದರೂ ಅಷ್ಟೇ. ಕೇರಳದ ಟ್ಯಾಕ್ಸ್ ಕಡಿಮೆ ಅನ್ನುವ ಮಾತು ಕೂಡ ಎಲ್ಲ ಗಾಡಿಗೂ ಸರಿ ಅಲ್ಲ. 20 ಲಕ್ಷ ದಾಟಿದರೆ ಅಲ್ಲಿ ನಮಗಿಂತ ಜಾಸ್ತಿ.

ಎರಡನೆಯದು, ಎಕ್ಸ್ ಶೋರೂಮ್ ಬೆಲೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ವ್ಯಾಟ್ ಇತ್ತು. ಹೊರಗಿನಿಂದ ತಂದರೆ ಕರ್ನಾಟಕದ ಪ್ರವೇಶ ತೆರಿಗೆ ಬೇರೆ. ಆಗ ಬೆಲೆ ವ್ಯತ್ಯಾಸ ನಿಜವಾಗಿ ಇತ್ತು, ತಲೆನೋವೂ ಇತ್ತು. ಈಗ ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 18%, ಅದಕ್ಕಿಂತ ದೊಡ್ಡದಕ್ಕೆ 40%. ಬಿಲ್ಲಿನಲ್ಲಿ ನಿಮ್ಮ ಮಂಗಳೂರು ವಿಳಾಸ ಇದ್ದರೆ ರಾಜ್ಯದಿಂದ ರಾಜ್ಯಕ್ಕೆ ಆಗುವ ಮಾರಾಟದ ತೆರಿಗೆ, ಅಂದರೆ ಐಜಿಎಸ್‌ಟಿ ಅಂತ ಬರುತ್ತದೆ. ಹೆದರಬೇಡಿ, ದರ ಅದೇ.

ಹಾಗಾದರೆ ಲಾಭ ಎಲ್ಲಿ? ಡೀಲರ್ ಬಿಟ್ಟುಕೊಡುವ ಹಣದಲ್ಲಿ, ಮತ್ತೆ ಬೇಗ ಗಾಡಿ ಸಿಗುವುದರಲ್ಲಿ. ಅಷ್ಟೇ.

ಇನ್ನು ಕಾಗದ. ಕಾಸರಗೋಡಿನವರು ನಿಮಗೆ ಟಿಆರ್ ಮಾಡಿಸಬೇಕು, ಅಂದರೆ ತಾತ್ಕಾಲಿಕ ನೋಂದಣಿ. ಬೇರೆ ರಾಜ್ಯಕ್ಕೆ ಹೋಗುವ ಗಾಡಿ ಅಂತಲೇ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಹಾಕಬೇಕು. ಇಲ್ಲಿ ತಪ್ಪಿದರೆ ಮುಗಿಯಿತು. ಅಭ್ಯಾಸ ಬಲದಲ್ಲಿ ಅವರು ಕೆಎಲ್ 14 ಖಾಯಂ ನೋಂದಣಿಗೆ ಹಾಕಿಬಿಟ್ಟರೆ ನೀವು ಕೇರಳ ಟ್ಯಾಕ್ಸ್ ಕಟ್ಟಿ, ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಒಸಿ ತಂದು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ, ಅಲ್ಲಿಂದ ವಾಪಸ್ ಹಣಕ್ಕೆ ಅರ್ಜಿ ಹಾಕಿ ಕಾಯಬೇಕು. ಬಂದಾಗ ಬಂತು.

ಅವರ ಕೈಯಿಂದ ಬರಬೇಕಾದದ್ದು: ಮೂಲ ಇನ್‌ವಾಯ್ಸ್, ಫಾರ್ಮ್ 21 ಅಂದರೆ ಮಾರಾಟ ಪತ್ರ, ಫಾರ್ಮ್ 22 ಅಂದರೆ ಕಂಪೆನಿಯ ಯೋಗ್ಯತಾ ಪತ್ರ, ಟಿಆರ್ ಪ್ರತಿ, ವಿಮೆ. ನಿಮ್ಮ ಕಡೆಯಿಂದ ಫಾರ್ಮ್ 20 ಅಂದರೆ ನೋಂದಣಿ ಅರ್ಜಿ, ವಿಳಾಸ ಪುರಾವೆ, ಪಾನ್. ವಿಳಾಸ ಎಲ್ಲದರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಆಧಾರಿನಲ್ಲಿ ಒಂದು, ಬಿಲ್ಲಿನಲ್ಲಿ ಒಂದು ಅಂತ ಇದ್ದರೆ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಇದು ಊರಿನ ಗಾಡಿಗೂ ಅನ್ವಯ, ಆದರೆ ಊರಿನ ಡೀಲರಿನ ಹುಡುಗ ಸಂಜೆ ಒಳಗೆ ಸರಿ ಮಾಡಿಕೊಡುತ್ತಾನೆ. ಕಾಸರಗೋಡಿನವರಿಗೆ ನೀವು ಫೋನ್ ಮಾಡಬೇಕು.

ಆಮೇಲೆ ಗಾಡಿಯನ್ನು ಇಲ್ಲಿನ ಆರ್‌ಟಿಒಗೆ ತರಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ನೋಡುತ್ತಾರೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಇದರಲ್ಲಿ ಕಿರಿಕಿರಿ ಎಂತ ಇಲ್ಲ, ಒಂದು ಬೆಳಿಗ್ಗೆ ರಜೆ ಹಾಕಬೇಕು. ಊರಿನ ಡೀಲರಿನಲ್ಲಿ ತೆಗೆದರೆ ಇದೆಲ್ಲ ಶೋರೂಮಿನಲ್ಲೇ ಆನ್‌ಲೈನ್ ಮುಗಿಯುತ್ತದೆ.

ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಟಿಆರ್ ಅವಧಿ ಮುಗಿಯುವ ಮೊದಲು ಖಾಯಂ ನಂಬರ್ ಆಗಬೇಕು. ಕಾಯ್ದೆಯಲ್ಲಿ ಈಗ ಆರು ತಿಂಗಳವರೆಗೆ ಟಿಆರ್ ಕೊಡಬಹುದು ಅಂತ ಇದೆ. ಆದರೆ ನಿಮ್ಮ ಕಾಗದದ ಮೇಲೆ ಇರುವ ತಾರೀಕೇ ನಿಮಗೆ ಲೆಕ್ಕ. ರಾಜಸ್ಥಾನದ ಒಬ್ಬರು ಪಂಜಾಬಿನಲ್ಲಿ ಹೊಸ ಬೊಲೆರೊ ತೆಗೆದಿದ್ದರು. ಟಿಆರ್ ಮುಗಿದು ಹೋಗಿತ್ತು, ಖಾಯಂ ನಂಬರ್ ಮಾಡಿಸಿರಲಿಲ್ಲ. ಜೋಧಪುರದಲ್ಲಿ ಗಾಡಿ ಕಳವಾಯಿತು. ಕೇಸ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕೋರ್ಟ್ ವಿಮೆ ಕಂಪೆನಿ ಹಣ ಕೊಡಬೇಕಿಲ್ಲ ಅಂದಿತು. ಕಳವಾದದ್ದಕ್ಕೂ ನಂಬರ್ ಪ್ಲೇಟಿಗೂ ಎಂತ ಸಂಬಂಧ ಅಂತ ನಿಮಗೆ ಅನಿಸಬಹುದು. ನೋಂದಣಿ ಇಲ್ಲದ ಗಾಡಿ ರಸ್ತೆಗೆ ತಂದದ್ದೇ ಷರತ್ತಿನ ಉಲ್ಲಂಘನೆ ಅಂತ ತೀರ್ಪು.

ಬಿಜೈ_ಬೈಲು

ಅಣ್ಣ, ಇಷ್ಟು ವಿವರ ಶೋರೂಮಿನಲ್ಲೂ ಯಾರೂ ಹೇಳಲಿಲ್ಲ. ಉಪಕಾರ ಆಯಿತು. ಕೊಟೇಶನ್ನಿನಲ್ಲಿ 12 ಸಾವಿರ ಟಿಸಿಎಸ್ ಅಂತ ಹಾಕಿದ್ದಾರೆ. ಅದು ಕೇರಳಕ್ಕೆ ಮಾತ್ರವಾ? ಮತ್ತೆ ಲೋನ್ ಇಲ್ಲಿನ ಬ್ಯಾಂಕಿನಿಂದ ಆಗುತ್ತದಾ?

ಕಡತ_ಅಣ್ಣ

ಟಿಸಿಎಸ್ ಅಂದರೆ ಮಾರುವವರು ಮೊದಲೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ. ಅದು ಎಲ್ಲ ಕಡೆ ಉಂಟು. 10 ಲಕ್ಷ ದಾಟಿದ ಗಾಡಿಗೆ 1%. ಅದು ಖರ್ಚಲ್ಲ. ರಿಟರ್ನ್ ಹಾಕುವಾಗ ನಿಮ್ಮ ಆದಾಯ ತೆರಿಗೆಗೆ ಹೊಂದುತ್ತದೆ. ಪಾನ್ ಸರಿ ಕೊಟ್ಟಿದ್ದೀರಾ ನೋಡಿ.

ಕೊಡಿಯಾಲ್_ಬ್ಯಾಂಕಿನವ

ಲೋನ್ ಬಗ್ಗೆ ನಾನು ಹೇಳುತ್ತೇನೆ. ಆಗುತ್ತದೆ, ಆದರೆ ಮೊದಲೇ ಮ್ಯಾನೇಜರ್ ಹತ್ತಿರ ಕೇಳಿ. ಗುರುತಿಲ್ಲದ ಡೀಲರಿಗೆ ಹಣ ಕಳಿಸಲು ಕೆಲವು ಶಾಖೆಯವರು ಹಿಂದೆಮುಂದೆ ನೋಡುತ್ತಾರೆ. ಪ್ರೊಫಾರ್ಮಾ ಇನ್‌ವಾಯ್ಸ್ ಬೇಕು, ಹಣ ನೇರ ಡೀಲರಿನ ಕಂಪೆನಿ ಖಾತೆಗೆ ಹೋಗಬೇಕು. ಸೇಲ್ಸ್ ಹುಡುಗನ ಸ್ವಂತ ಯುಪಿಐಗೆ ಬುಕಿಂಗ್ ಹಣ ಹಾಕಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನ ದಾಖಲಾಗಬೇಕು, ಫಾರ್ಮ್ 20ರಲ್ಲೇ ಅದಕ್ಕೆ ಜಾಗ ಉಂಟು. ಕೆನರಾ, ಕರ್ಣಾಟಕ, ಕಾರ್ಪೊರೇಷನ್, ವಿಜಯಾ, ಸಿಂಡಿಕೇಟ್ ಹುಟ್ಟಿದ ಸೀಮೆ ನಮ್ಮದು. ಲೋನಿಗೆ ಗಡಿ ದಾಟುವ ಕರ್ಮ ಯಾಕೆ ಬೇಕು, ಅಲ್ವಾ?

ಕಾರ್ಕಳ_ಕರಿಕಲ್ಲು

ನನ್ನ ಅನುಭವ ಕೇಳಿ. ಗೋವಾದ ಡೀಲರ್ ಒಬ್ಬರ ಹತ್ತಿರ ತೆಗೆದೆ. ಹೆಸರು ಬೇಡ. ಗಾಡಿ ಚೆನ್ನಾಗಿಯೇ ಉಂಟು. ಟಿಆರ್ ಸರಿ ಆಯಿತು, ಉಡುಪಿಯ ಕೆಎ 20 ನಂಬರೂ ಬಂತು. ಸಿಕ್ಕಿಕೊಂಡದ್ದು ನಂಬರ್ ಪ್ಲೇಟಿನಲ್ಲಿ.

2019ರ ಏಪ್ರಿಲಿನಿಂದ ಹೊಸ ಗಾಡಿಗೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟನ್ನು, ಅಂದರೆ ಎಚ್‌ಎಸ್‌ಆರ್‌ಪಿಯನ್ನು ಕಂಪೆನಿಯೇ ಡೀಲರ್ ಮೂಲಕ ಕೊಡಬೇಕು. ಗೋವಾದವರು "ನಿಮ್ಮ ಊರಿನ ಡೀಲರಿನಲ್ಲಿ ಹಾಕಿಸಿ" ಅಂದರು. ಊರಿನ ಡೀಲರ್ "ಮಾರಿದವರು ಕೊಡಬೇಕು" ಅಂದರು. ಇಬ್ಬರೂ ನಗುನಗುತ್ತಾ ಹೇಳಿದರು, ಅದೇ ಬೇಸರ. ಕೊನೆಗೆ ಕಂಪೆನಿಯ ಗ್ರಾಹಕ ಸೇವೆಗೆ ಲಿಖಿತ ದೂರು ಕೊಟ್ಟ ಮೇಲೆ ಗೋವಾದವರೇ ಪ್ಲೇಟ್ ತರಿಸಿ ಕೊಟ್ಟರು. ಅಷ್ಟರವರೆಗೆ ತಾತ್ಕಾಲಿಕ ನಂಬರಿನ ಹಳದಿ ಪ್ಲೇಟಿನ ಮೇಲೆ ಕೆಂಪು ಅಕ್ಷರ. ಪೊಲೀಸರು ನಿಲ್ಲಿಸಿದ ಕಡೆಯೆಲ್ಲ ಟಿಆರ್ ಕಾಗದ, ಹೊಸ ನಂಬರಿನ ಕಾಗದ ಎರಡೂ ತೋರಿಸುವುದು.

ಹಾಗಾಗಿ ಬುಕಿಂಗ್ ಮಾಡುವ ಮೊದಲೇ ಪ್ಲೇಟ್ ಯಾರು ಕೊಡುತ್ತಾರೆ ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಬಂದರು_ಬಡ್ಡಿ

ನಾನು ಅಪ್ಪನ ಪರ. 55 ಸಾವಿರಕ್ಕೆ ಗಡಿ ದಾಟಿ ಹೋಗಿ, ನಾಳೆ ಆಷಾಢದ ಮಳೆಯಲ್ಲಿ ಗಾಡಿ ಪಂಪ್‌ವೆಲ್ ನೀರಿನಲ್ಲಿ ನಿಂತರೆ ಯಾರು ಬರುತ್ತಾರೆ? ಊರಿನ ಶೋರೂಮಿನವರೇ. ಅವರಿಗೆ ವ್ಯಾಪಾರ ಕೊಡದೆ ಸೇವೆ ಮಾತ್ರ ಕೇಳಿದರೆ ಹೇಗೆ?

ಸುರತ್ಕಲ್_ಇಂಜಿನಿಯರ್

ಬಂದರು ಅಣ್ಣ, ಇದು ಭಾವನೆಯ ಮಾತಾಯಿತು. ವಾರಂಟಿ ಕಂಪೆನಿಯದ್ದು, ಡೀಲರಿನದ್ದಲ್ಲ. ಫ್ರೀ ಸರ್ವೀಸ್ ದೇಶದ ಯಾವ ಅಧಿಕೃತ ವರ್ಕ್‌ಶಾಪಿನಲ್ಲಿಯೂ ಮಾಡಿಸಬಹುದು. ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ ಬರೆಯುವವನು ಗಾಡಿ ಎಲ್ಲಿ ತೆಗೆದದ್ದು ಅಂತ ಕೇಳುವುದೂ ಇಲ್ಲ. ಅವರಿಗೆ ಲಾಭ ಬರುವುದೇ ಸರ್ವೀಸಿನಿಂದ. ಊರಿನಲ್ಲೇ ತೆಗೆದವರೂ ವರ್ಕ್‌ಶಾಪಿನಲ್ಲಿ ಕಾಯುತ್ತಾ ಕೂತದ್ದನ್ನು ನಾನು ನೋಡಿದ್ದೇನೆ.

ಆದರೆ ನನಗೆ ಅರ್ಥ ಆಗದ್ದು ಬೇರೆ. ಮಂಗಳೂರು ಅಲ್ಲದಿದ್ದರೆ ನೇರ ಕಾಸರಗೋಡು ಯಾಕೆ? ನಮ್ಮ ರಾಜ್ಯದಲ್ಲೇ ಉಡುಪಿ, ಪುತ್ತೂರು, ಶಿವಮೊಗ್ಗ, ಹುಬ್ಬಳ್ಳಿ, ಮೈಸೂರು ಇಲ್ವಾ? 2019ರ ತಿದ್ದುಪಡಿಯಲ್ಲಿ 40ನೇ ಕಲಂ ಬದಲಾಯಿತು. ರಾಜ್ಯದೊಳಗಿನ ಯಾವ ನೋಂದಣಿ ಪ್ರಾಧಿಕಾರದಲ್ಲಿಯೂ ಮಾಡಿಸಬಹುದು. ಅದೇ ಟ್ಯಾಕ್ಸ್. ಇನ್ನೊಂದು ರಾಜ್ಯದ ಟಿಆರ್ ಇಲ್ಲ. ಪ್ಲೇಟಿಗೆ ಜಗಳ ಇಲ್ಲ. ಬೇರೆ ಮಾಲೀಕರ ಶೋರೂಮಿಗೆ ಫೋನ್ ಮಾಡಿ, ಅಷ್ಟೇ. ಒಂದೇ ಮಾಲೀಕರ ಎರಡು ಶಾಖೆಯಲ್ಲಿ ಚೌಕಾಸಿ ಮಾಡಿ ಎಂತ ಪ್ರಯೋಜನ ಇಲ್ಲ. ನಮ್ಮ ಕರಾವಳಿಯಲ್ಲಿ ಕುಂದಾಪುರದಿಂದ ಸುಳ್ಯದವರೆಗೆ ಒಂದೇ ಬೋರ್ಡ್ ಇರುವುದು ಜಾಸ್ತಿ.

ಕಡತ_ಅಣ್ಣ

ಸುರತ್ಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದನ್ನೇ ಮೊದಲು ಬರೆಯಬೇಕಿತ್ತು ಅಂತ ಈಗ ಓದುವಾಗ ಅನಿಸಿತು.

ಮತ್ತೆ ಆ 55 ಸಾವಿರವನ್ನು ಸ್ವಲ್ಪ ಬಿಡಿಸಿ ನೋಡಿ. ಅದರಲ್ಲಿ ಕಂಪೆನಿ ಕೊಡುವುದು ಎಷ್ಟು, ಡೀಲರ್ ತನ್ನ ಕೈಯಿಂದ ಬಿಡುವುದು ಎಷ್ಟು? ಹಳೆ ಗಾಡಿ ಕೊಟ್ಟರೆ ಮಾತ್ರ ಸಿಗುವ ಬೋನಸ್ ಸೇರಿಸಿದ್ದಾರಾ? ನೌಕರರಿಗೆ ಕೊಡುವ ಕಾರ್ಪೊರೇಟ್ ಡಿಸ್ಕೌಂಟ್ ಸೇರಿಸಿದ್ದಾರಾ? ಓಣಂ ಆಫರ್ ಎಷ್ಟೋ ಸಲ ಕೇರಳ ವಿಳಾಸದ ಗ್ರಾಹಕರಿಗೆ ಮಾತ್ರ ಅಂತ ಕಂಪೆನಿ ಷರತ್ತು ಹಾಕಿರುತ್ತದೆ. ಫೋನಿನಲ್ಲಿ ಎಲ್ಲ ಸೇರಿಸಿ ಹೇಳುತ್ತಾರೆ, ಬಿಲ್ ಮಾಡುವಾಗ ಒಂದೊಂದೇ ಕಳಚುತ್ತದೆ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇದ್ದರೆ ಅದನ್ನು ತೆಗೆಸಿ. ಅದು ಎಲ್ಲ ಊರಿನ ರೋಗ.

ನಮ್ಮಲ್ಲಿ ತುಳುವಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭ ಅಲ್ಲ ಅಂತ ಯಾರೂ ಗಾಡಿ ತೆಗೆಯುವುದಿಲ್ಲ. ಕೇರಳದಲ್ಲಿ ಅದೇ ಹೊತ್ತು ಕರ್ಕಿಡಕ ತಿಂಗಳು, ಅಲ್ಲಿಯೂ ಹಾಗೆಯೇ. ಆಟಿ ಮುಗಿದು ಮುಂದಿನ ತಿಂಗಳು ಸೋಣ ಬಂದರೆ ಅಲ್ಲಿ ಓಣಂ ಗದ್ದಲ, ಇಲ್ಲಿ ಚೌತಿ. ಆಟಿಯಲ್ಲಿ ಬಿಲ್ ಮಾಡಿಸಿ ಸೋಣದಲ್ಲಿ ಮನೆಗೆ ತನ್ನಿ, ಶೋರೂಮಿನವರು ಕೇಳದೆಯೇ ದರ ಇಳಿಸುತ್ತಾರೆ. ನಾನು ಕೆಲಸದಲ್ಲಿದ್ದಾಗ ಹೀಗೆ ಮಾಡುವ ಜಾಣರು ಪ್ರತಿ ವರ್ಷ ಬರುತ್ತಿದ್ದರು.

ಐಟಿ_ಕೊಟ್ಟಾರ

ಮಧ್ಯದಲ್ಲಿ ನನ್ನದೊಂದು. ದೇಶಕ್ಕೆಲ್ಲ ಒಂದೇ ಆದ ಭಾರತ್ ಸರಣಿಯ ಬಿಎಚ್ ನಂಬರ್ ತೆಗೆದರೆ ಈ ರಗಳೆಯೇ ಇಲ್ಲ ಅಲ್ವಾ?

ಕಡತ_ಅಣ್ಣ

ಎಲ್ಲರಿಗೂ ಸಿಗುವುದಿಲ್ಲ. ಸರ್ಕಾರಿ ನೌಕರರಿಗೆ, ಸೇನೆಯವರಿಗೆ, ಮತ್ತೆ ನಾಲ್ಕು ಅಥವಾ ಜಾಸ್ತಿ ರಾಜ್ಯಗಳಲ್ಲಿ ಕಚೇರಿ ಇರುವ ಕಂಪೆನಿಯ ನೌಕರರಿಗೆ. ಖಾಸಗಿಯವರು ಫಾರ್ಮ್ 60ರಲ್ಲಿ ಕಂಪೆನಿಯ ಪತ್ರ ಕೊಡಬೇಕು. ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗುವುದು. ವರ್ಗಾವಣೆ ಇರುವವರಿಗೆ ಒಳ್ಳೆಯದು. ಕೊಟ್ಟಾರದಲ್ಲೇ ನಿವೃತ್ತಿ ಆಗುವ ಯೋಚನೆ ಇದ್ದರೆ, ಮುಂದೆ ಮಾರುವಾಗ ಬಿಎಚ್ ಅರ್ಹತೆ ಇಲ್ಲದವನು ಕೊಳ್ಳಲು ಹಿಂಜರಿಯುತ್ತಾನೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ದಾರಿ ತಪ್ಪುತ್ತದೆ.

ಮಣಿಪಾಲ_ಅಕ್ಕ

ಬಿಜೈ ತಮ್ಮ, ಎಲ್ಲಿಯಾದರೂ ತೆಗಿ, ಹಣ ಪೂರ್ತಿ ಕಟ್ಟುವ ಮೊದಲು ಗಾಡಿಯನ್ನು ಕಣ್ಣಾರೆ ನೋಡು. ಬೇರೆ ಊರಿನಲ್ಲಿ ತೆಗೆಯುವಾಗ ಇದು ಇನ್ನೂ ಮುಖ್ಯ. "ಸ್ಟಾಕ್ ಉಂಟು" ಅಂದರೆ ಎಷ್ಟು ಸಮಯದಿಂದ ಉಂಟು ಅಂತ ಕೇಳು. ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ. ಹಿಂದಿನ ವರ್ಷದ ಗಾಡಿಯಾದರೆ ಆ 55 ಸಾವಿರ ಡಿಸ್ಕೌಂಟೇ ಅಲ್ಲ, ಮಾರುವಾಗ ಅಷ್ಟು ನೀನೇ ಕಳೆದುಕೊಳ್ಳುತ್ತಿ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಸ್ಪೇರ್ ಟಯರನ್ನೂ ನೋಡು. ಸಮುದ್ರದ ಹತ್ತಿರದ ಯಾರ್ಡಿನಲ್ಲಿ ಮಳೆಗೆ ನಿಂತ ಗಾಡಿಯಾದರೆ ಬಾಗಿಲಿನ ಕೆಳಗೆ, ಸೀಟಿನ ಬೋಲ್ಟಿಗೆ ಟಾರ್ಚ್ ಹಾಕು.

ವಿಮೆ ಡೀಲರಿನಲ್ಲೇ ಮಾಡಬೇಕು ಅಂತ ಇಲ್ಲ. ಮೂರನೇ ವ್ಯಕ್ತಿಯ ವಿಮೆ ಮೂರು ವರ್ಷಕ್ಕೆ ಕಡ್ಡಾಯ, ಸ್ವಂತ ಹಾನಿಯದ್ದು ಒಂದು ವರ್ಷಕ್ಕೆ ಸಾಕು. ಹಳೆ ಗಾಡಿಯ ವಿಮೆಯಲ್ಲಿ ಪರಿಹಾರ ಕೇಳದೆ ಇದ್ದದ್ದಕ್ಕೆ ಸಿಗುವ ನೋ ಕ್ಲೈಮ್ ಬೋನಸ್ ಇದ್ದರೆ ಪತ್ರ ತೆಗೆದುಕೊಂಡು ಹೋಗು, ಪ್ರೀಮಿಯಂ ಚೆನ್ನಾಗಿ ಇಳಿಯುತ್ತದೆ. ಪಾಲಿಸಿಯಲ್ಲಿ ನೋಂದಣಿ ಸ್ಥಳ ಮಂಗಳೂರು ಅಂತ ಬರಬೇಕು. ಬೆಂಗಳೂರು, ಚೆನ್ನೈಯಲ್ಲಿ ತೆಗೆಯುವವರು ಇದನ್ನು ನೋಡಲೇಬೇಕು. ವಿಮೆಯವರ ಲೆಕ್ಕದಲ್ಲಿ ಅವು ಎ ವಲಯ, ನಮ್ಮದು ಬಿ ವಲಯ, ಇಲ್ಲಿ ಪ್ರೀಮಿಯಂ ಕಡಿಮೆ. ಖಾಯಂ ನಂಬರ್ ಬಂದ ಮೇಲೆ ಪಾಲಿಸಿಗೂ ಫಾಸ್ಟ್ಯಾಗಿಗೂ ಅದನ್ನು ಸೇರಿಸಬೇಕು. ಎಷ್ಟು ಜನ ಚಾಸಿ ನಂಬರಿನಲ್ಲೇ ವರ್ಷ ಕಳೆಯುತ್ತಾರೆ ಗೊತ್ತಾ!

ಬಂದರು_ಬಡ್ಡಿ

ಅಕ್ಕ ಹೇಳಿದ ಮೇಲೆ ಮುಗಿಯಿತು. ಆದರೂ ನನ್ನ ಓಟು ಊರಿಗೇ.

ಬಿಜೈ_ಬೈಲು

ಎಲ್ಲರಿಗೂ ಅಪ್‌ಡೇಟ್. ಕಾಸರಗೋಡಿನ ಕೊಟೇಶನ್ ಬರಹದಲ್ಲಿ ಕೇಳಿದೆ. ಕಡತ ಅಣ್ಣ ಹೇಳಿದ ಹಾಗೆಯೇ ಆಯಿತು. 20 ಸಾವಿರ ಎಕ್ಸ್‌ಚೇಂಜ್ ಬೋನಸ್, ನಮ್ಮ ಹತ್ತಿರ ಕೊಡಲು ಹಳೆ ಕಾರೇ ಇಲ್ಲ. ಉಳಿದದ್ದು 35. ಅದನ್ನು ಹಿಡಿದು ಮಂಗಳೂರಿನ ಶೋರೂಮಿಗೆ ಹೋದೆ. ಅವರು 15 ಬಿಟ್ಟರು, ಬಣ್ಣ ಮಾತ್ರ ಕಾಯಲೇಬೇಕು ಅಂದರು. ಶಿವಮೊಗ್ಗದಲ್ಲಿ ಬೇರೆ ಮಾಲೀಕರ ಶೋರೂಮ್ ಉಂಟು. ಅಲ್ಲಿ ಅದೇ ಬಣ್ಣ, ಈ ವರ್ಷದ್ದೇ ತಯಾರಿ, 28 ಬಿಡುತ್ತಾರಂತೆ. ನೋಂದಣಿ ಮಂಗಳೂರಿನ ಕೆಎ 19ಕ್ಕೇ ಹಾಕಿಕೊಡುತ್ತೇವೆ ಅಂತ ಇಮೇಲ್ ಬಂದಿದೆ. ನಾಡಿದ್ದು ಗಾಡಿ ನೋಡಲು ಹೋಗುತ್ತಿದ್ದೇವೆ. ಅಪ್ಪನೂ ಬರುತ್ತಾರೆ. ಶಿವಮೊಗ್ಗ ಕೂಡ ಊರೇ ಅಂತ ಒಪ್ಪಿಸಿದ್ದೇನೆ.

ಉಪ್ಪಳ_ಕನ್ನಡಿಗ

ಒಳ್ಳೆಯದಾಯಿತು. ಈಗ ನನ್ನ ಸರದಿ. ನಮ್ಮ ಅಕ್ಕನಿಗೆ ಸಣ್ಣ ಗಾಡಿ ಬೇಕು, ಮಂಗಳೂರಿನ ಶೋರೂಮಿನಲ್ಲಿ ಒಂದು ನೋಡಿ ಇಟ್ಟಿದ್ದೇವೆ. ಮನೆ ಉಪ್ಪಳ. ಕಡತ ಅಣ್ಣ, ನೀವು ಬರೆದದ್ದನ್ನೇ ತಿರುಗಿಸಿ ಓದಿದರೆ ಸಾಕಾ?

ಕಡತ_ಅಣ್ಣ

ಸಾಕು. ಟಿಆರ್ ಮಂಗಳೂರಿನಲ್ಲಿ, ಟ್ಯಾಕ್ಸ್ ಮತ್ತೆ ಖಾಯಂ ನಂಬರ್ ಕಾಸರಗೋಡಿನಲ್ಲಿ. ಮಂಗಳೂರಿನ ಶೋರೂಮುಗಳಿಗೆ ಗಡಿ ಆಚೆಯ ಗಿರಾಕಿ ಹೊಸಬರಲ್ಲ, ಈ ಕಾಗದ ಅವರಿಗೆ ಅಭ್ಯಾಸ ಉಂಟು. ಕೊಟೇಶನ್ನಿನಲ್ಲಿ ಕರ್ನಾಟಕದ ಟ್ಯಾಕ್ಸ್ ಸೇರಿಸಿ ಕೊಟ್ಟಿದ್ದರೆ ಮಾತ್ರ ಅದನ್ನು ತೆಗೆಸಿ ಹೊಸದಾಗಿ ಬರೆಸಿ. ಎಚ್‌ಎಸ್‌ಆರ್‌ಪಿ ಮಾತು ಅವರ ಹತ್ತಿರವೂ ಇಮೇಲಿನಲ್ಲೇ ಆಗಲಿ.